ಪುರುಷಲಕ್ಷಣ: ಉದ್ಯೋಗದಿಂದ ಉಡುಪಿನವರೆಗೆ

ಎಂಬತ್ತು, ತೊಂಬತ್ತರ ದಶಕಗಳಲ್ಲಿ ದಾವಣಗೆರೆಯಂಥ ಊರಿನ ಪತ್ರಿಕೆ ಅಂಗಡಿಯಲ್ಲಿ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದ ಸಾಲನ್ನು ನೆನಪಿಸಿಕೊಳ್ಳಬಹುದು. ಮನೆಮಂದಿಗೆಲ್ಲ 'ಸುಧಾ', 'ತರಂಗ'. ಸಿನಿಮಾ ಹುಚ್ಚಿನವರಿಗೆ 'ರೂಪತಾರಾ'. ಮಕ್ಕಳಿಗೆ 'ಚಂದಮಾಮ'. ರಾಜಕೀಯದ ರುಚಿ ಹತ್ತಿದವರಿಗೆ 'ಲಂಕೇಶ್ ಪತ್ರಿಕೆ'. ಹೆಂಗಸರಿಗೆಂದು ವಾರಪತ್ರಿಕೆಗಳಲ್ಲಿ ಅಡುಗೆ, ಹೊಲಿಗೆ, ಸೌಂದರ್ಯದ ಪುಟಗಳು. ಈ ಸಾಲಿನಲ್ಲಿ ಗಂಡಸರದೆಂದು ಹೆಸರಿಟ್ಟುಕೊಂಡ ಒಂದೂ ಪತ್ರಿಕೆ ಇರಲಿಲ್ಲ. 'ಗಂಡಸರ ಪತ್ರಿಕೆ' ಎಂಬ ಮಾತಿಗೆ ಅರ್ಥವೇನಾದರೂ ಇದ್ದರೆ, ಅದು ಪಿನ್ನು ಹೊಡೆದು ಬೇರೆ ಪತ್ರಿಕೆಗಳ ಅಡಿಯಲ್ಲಿ ಇಡುತ್ತಿದ್ದ ಸರಕು ಎಂದಷ್ಟೇ.

ಅದೇ ಕಾಲಕ್ಕೆ ಲಂಡನ್, ನ್ಯೂಯಾರ್ಕ್, ಟೋಕಿಯೊಗಳ ಅಂಗಡಿಗಳಲ್ಲಿ ಪುರುಷರ ಜೀವನಶೈಲಿಯ ಪತ್ರಿಕೆಗಳೇ ಒಂದು ಗೋಡೆಯನ್ನು ತುಂಬಿದ್ದವು. ಯಾವ ಕೋಟಿಗೆ ಯಾವ ಟೈ, ಯಾವ ಗಡಿಯಾರ, ಯಾವ ಕಾರು, ಹೊಟ್ಟೆಯ ಬೊಜ್ಜು ಕರಗಿಸುವುದು ಹೇಗೆ ಎಂದು ಗಂಡಸಿಗೆ ಪಾಠ ಹೇಳುವ ದೊಡ್ಡ ಉದ್ಯಮವೇ ಅಲ್ಲಿ ಬೆಳೆದಿತ್ತು. ಅದು ಹುಟ್ಟಿದ್ದು ಹೇಗೆ? ದೇಶ ದೇಶಗಳಿಗೆ ಹಬ್ಬಿದ್ದು ಹೇಗೆ? ಕನ್ನಡದಲ್ಲಿ ಅದು ಬೇರುಬಿಡದೇ ಹೋದದ್ದು ಏಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಎದುರಾಗುವ ಕೆಲವು ಕೊಂಡಿಗಳು ಬಟ್ಟೆಯ ಊರಾದ ದಾವಣಗೆರೆಯಲ್ಲೂ ಯಂತ್ರಗಳ ಊರಾಗಿದ್ದ ಹರಿಹರದಲ್ಲೂ ಇವೆ.

ಹೆಸರಿಲ್ಲದ ಓದುಗ

'ಮ್ಯಾಗಝೀನ್' ಎಂಬ ಪದದ ಮೂಲ ಅರಬ್ಬಿ. ಅದರ ಅರ್ಥ ಉಗ್ರಾಣ. ನಮ್ಮ 'ಖಜಾನೆ'ಯೂ ಅದೇ ಧಾತುವಿನಿಂದ ಬಂದದ್ದು. 1731ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಕೇವ್ ಎಂಬಾತ ಹೊರತಂದ 'ಜಂಟಲ್‌ಮನ್ಸ್ ಮ್ಯಾಗಝೀನ್' ಈ ಪದವನ್ನು ನಿಯತಕಾಲಿಕಕ್ಕೆ ಅಂಟಿಸಿತು. ಹೆಸರಿನಲ್ಲಿ 'ಸಭ್ಯ ಪುರುಷ' ಇದ್ದರೂ ಅದು ಗಂಡಸುತನದ ಪತ್ರಿಕೆಯಾಗಿರಲಿಲ್ಲ. ಸಂಸತ್ತಿನ ಚರ್ಚೆ, ವ್ಯಾಪಾರದ ಸುದ್ದಿ, ಕವಿತೆ, ಮರಣವಾರ್ತೆ ಎಲ್ಲವೂ ಅದರಲ್ಲಿ ಇರುತ್ತಿದ್ದವು. ಓದುವವನು ಗಂಡಸು ಎಂಬುದು ಹೇಳದೆಯೇ ತಿಳಿದ ಮಾತಾಗಿತ್ತು. ಮುಂದೆ ಹೆಂಗಸರು ಓದತೊಡಗಿದಾಗ ಅವರಿಗೆ ಬೇರೆ ಪತ್ರಿಕೆಗಳು ಬಂದವು, ಅವುಗಳಿಗೆ ಬೇರೆ ಹೆಸರುಗಳೂ ಬಂದವು.

ಕನ್ನಡದಲ್ಲೂ ನಡೆದದ್ದು ಇದೇ. 1843ರ 'ಮಂಗಳೂರ ಸಮಾಚಾರ'ದಿಂದ ಮೊದಲುಗೊಂಡು ನಮ್ಮ ಪತ್ರಿಕೆಗಳು ಯಾರಿಗಾಗಿ ಎಂದು ಹೇಳಿಕೊಳ್ಳುವ ಅಗತ್ಯ ಕಾಣಲಿಲ್ಲ. ಹೇಳಿಕೊಂಡವು ಸ್ತ್ರೀಯರ ಪತ್ರಿಕೆಗಳು. 1910ರ ದಶಕದಲ್ಲಿ ನಂಜನಗೂಡು ತಿರುಮಲಾಂಬ 'ಕರ್ನಾಟಕ ನಂದಿನಿ'ಯನ್ನು ಆರಂಭಿಸಿದರು. 1921ರಲ್ಲಿ ಆರ್. ಕಲ್ಯಾಣಮ್ಮನವರ 'ಸರಸ್ವತಿ' ಬಂದು ದಶಕಗಳ ಕಾಲ ನಡೆಯಿತು. ಹೆಣ್ಣಿನ ವಿದ್ಯೆ, ಬಾಲ್ಯವಿವಾಹ, ವಿಧವೆಯರ ಬದುಕು ಅಂಥ ಪತ್ರಿಕೆಗಳಲ್ಲಿ ಚರ್ಚೆಗೆ ಬಂದವು. ಹೆಣ್ಣಾಗಿರುವುದು ಎಂದರೇನು ಎಂಬುದು ಹೀಗೆ ಒಂದು ಪ್ರಶ್ನೆಯಾಯಿತು. ಗಂಡಾಗಿರುವುದು ಎಂದರೇನು ಎಂದು ಯಾರೂ ಕೇಳಲಿಲ್ಲ. 'ಉದ್ಯೋಗಂ ಪುರುಷಲಕ್ಷಣಂ' ಎಂಬ ಒಂದೇ ಸಾಲಿನ ಸಿದ್ಧ ಉತ್ತರ ಮನೆಮನೆಯಲ್ಲೂ ಇತ್ತು.

ಕ್ಷೌರದಂಗಡಿ ಮತ್ತು ಗರಡಿಮನೆ

ಗಂಡಸರು ಗಂಡಸರಾಗಿಯೇ ಕೂಡಿ ಓದುವ ಜಾಗವೊಂದು ಎಲ್ಲ ಊರುಗಳಲ್ಲೂ ಇತ್ತು. ಅದು ಕ್ಷೌರದಂಗಡಿ. ಸರದಿಗೆ ಕಾಯುವವರ ಕೈಗೆ ಸಿಕ್ಕುವ, ಅಂಚು ಮುದುಡಿದ ಪತ್ರಿಕೆ ನಮ್ಮಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಪ್ರಸಿದ್ಧ. 1845ರಲ್ಲಿ ಹುಟ್ಟಿದ 'ನ್ಯಾಷನಲ್ ಪೊಲೀಸ್ ಗೆಝೆಟ್' ಮೊದಲು ಅಪರಾಧ ಸುದ್ದಿಯ ವಾರಪತ್ರಿಕೆ. ರಿಚರ್ಡ್ ಫಾಕ್ಸ್ ಎಂಬಾತನ ಕೈಗೆ ಬಂದ ಮೇಲೆ ಮುಷ್ಟಿಯುದ್ಧ, ನಟಿಯರ ಚಿತ್ರ, ಕೊಲೆ ಸುಲಿಗೆಗಳನ್ನು ಗುಲಾಬಿ ಕಾಗದದ ಮೇಲೆ ಅಚ್ಚಿಸಿ ಅದು ಹೆಸರು ಮಾಡಿತು. 'ಕ್ಷೌರದಂಗಡಿಯ ಬೈಬಲ್' ಎಂಬ ಅಡ್ಡಹೆಸರೇ ಅದಕ್ಕೆ ಬಿತ್ತು.

ಇನ್ನೊಂದು ಕವಲು ಮೈಕಟ್ಟಿನದು. ಯೂಜೀನ್ ಸ್ಯಾಂಡೊ ಎಂಬ ಮಲ್ಲ 1898ರಲ್ಲಿ ಲಂಡನ್ನಿನಿಂದ ಅಂಗಸಾಧನೆಯ ಪತ್ರಿಕೆ ಹೊರಡಿಸಿದ. ಮರುವರ್ಷವೇ ಅಮೆರಿಕದಲ್ಲಿ ಬರ್ನಾರ್ ಮ್ಯಾಕ್‌ಫ್ಯಾಡನ್‌ನ 'ಫಿಸಿಕಲ್ ಕಲ್ಚರ್' ಬಂತು. ವ್ಯಾಯಾಮ, ಪಥ್ಯ, ಫೋಟೊ, ಜತೆಗೆ ಡಂಬೆಲ್ ಮತ್ತು ಅಂಚೆ ಮೂಲಕ ಪಾಠದ ಜಾಹೀರಾತು ಇವುಗಳ ಹೂರಣ. ಇಂದಿನ 'ಮೆನ್ಸ್ ಹೆಲ್ತ್'ನ ಅಜ್ಜಂದಿರು ಇವರೇ ಎನ್ನಬಹುದು.

ಈ ಜಾಗತಿಕ ವ್ಯವಹಾರದಲ್ಲಿ ಒಬ್ಬ ಕನ್ನಡಿಗರು ದೊಡ್ಡ ಹೆಸರು ಗಳಿಸಿದ್ದರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮ ಶಾಲೆ ನಡೆಸುತ್ತಿದ್ದ ಕೆ.ವಿ. ಐಯ್ಯರ್ ಅವರನ್ನು ಕನ್ನಡ ಓದುಗರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಬಲ್ಲರು. ಅದೇ ಐಯ್ಯರ್ ಅವರ ಮೈಕಟ್ಟಿನ ಛಾಯಾಚಿತ್ರಗಳು ಇಂಗ್ಲೆಂಡಿನ 'ಹೆಲ್ತ್ ಅಂಡ್ ಸ್ಟ್ರೆಂತ್'ನಂಥ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. 1930ರಲ್ಲಿ ಅವರು ಇಂಗ್ಲಿಷಿನಲ್ಲಿ 'ಮಸಲ್ ಕಲ್ಟ್' ಎಂಬ ಪುಸ್ತಕ ಬರೆದರು. ಅಂಚೆಯ ಮೂಲಕ ಅಂಗಸಾಧನೆ ಕಲಿಸಿದರು. ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯ ಡಂಬೆಲ್ಲನ್ನೂ ಒಂದೇ ಅಖಾಡಕ್ಕೆ ತಂದರು. ಪುರುಷ ಪತ್ರಿಕೆಯ ಲೋಕಕ್ಕೆ ನಾವು ಬರೀ ಓದುಗರಾಗಿ ಹೋದವರಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಆದರೆ ಸಾಮಾನ್ಯ ಜನಕ್ಕೆ ಗಂಡಸಿನ ಮೈ ಎಂದರೆ ಪತ್ರಿಕೆಯ ಪುಟವಲ್ಲ, ಗರಡಿಮನೆಯ ಕೆಮ್ಮಣ್ಣು. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಲು ಇಂದಿಗೂ ಜನ ಸೇರುತ್ತಾರೆ. ಅಲ್ಲಿ ಪೈಲ್ವಾನನಿಗೆ ಉಸ್ತಾದ ಹೇಳಿದ್ದೇ ಪಾಠ. ಹಾಲು, ಬಾದಾಮಿ, ಬೈಠಕ್ಕಿನ ಲೆಕ್ಕ ಬಾಯಿಂದ ಬಾಯಿಗೆ ಬಂದದ್ದು. ಆ ವಿದ್ಯೆಗೆ ಚಂದಾ ಕಟ್ಟುವ ಅಗತ್ಯವಿರಲಿಲ್ಲ.

ಬಟ್ಟೆ ಅಂಗಡಿಯ ಕೂಸು

ಇಂದು ನಾವು ಜೀವನಶೈಲಿಯ ಪತ್ರಿಕೆ ಎನ್ನುವುದು ಹುಟ್ಟಿದ್ದು ಕ್ಷೌರದಂಗಡಿಯಲ್ಲೂ ಅಲ್ಲ, ಗರಡಿಯಲ್ಲೂ ಅಲ್ಲ, ಬಟ್ಟೆ ಅಂಗಡಿಯಲ್ಲಿ. 1931ರಲ್ಲಿ ಅಮೆರಿಕದಲ್ಲಿ 'ಅಪಾರೆಲ್ ಆರ್ಟ್ಸ್' ಎಂಬ ಪತ್ರಿಕೆ ಬಂತು. ಅದು ಗಂಡಸರ ಉಡುಪಿನ ವ್ಯಾಪಾರಿಗಳಿಗಾಗಿ ಮಾಡಿದ್ದು. ಅಂಗಡಿಯ ಮೇಜಿನ ಮೇಲೆ ಇಟ್ಟ ಆ ಪತ್ರಿಕೆಯನ್ನು ಗಿರಾಕಿಗಳು ತಿರುವಿ ನೋಡಿ ಮನೆಗೇ ಒಯ್ಯತೊಡಗಿದರು. ಹಾಗಾದರೆ ಗಿರಾಕಿಗೇ ಒಂದು ಪತ್ರಿಕೆ ಏಕಾಗಬಾರದು ಎಂಬ ಲೆಕ್ಕಾಚಾರದಿಂದ 1933ರ ಶರತ್ಕಾಲದಲ್ಲಿ 'ಎಸ್ಕ್ವೈರ್' ಹೊರಬಂತು. ಆರ್ನಾಲ್ಡ್ ಗಿಂಗ್ರಿಚ್ ಅದರ ಸಂಪಾದಕ. ಬೆಲೆ 50 ಸೆಂಟ್. ಮೊದಲ ಸಂಚಿಕೆಯ ಸುಮಾರು ಒಂದು ಲಕ್ಷ ಪ್ರತಿಗಳು ಬಟ್ಟೆ ಅಂಗಡಿಗಳಿಗೆಂದೇ ಹೋದವು, ಪತ್ರಿಕೆ ಅಂಗಡಿಗಳಿಗೆ ಇಟ್ಟದ್ದು ಸುಮಾರು 5,000 ಮಾತ್ರ. ಆ ಐದು ಸಾವಿರ ಕೂಡಲೇ ಖರ್ಚಾಗಿ, ಬಟ್ಟೆ ಅಂಗಡಿಗಳಿಂದ ಪ್ರತಿಗಳನ್ನು ವಾಪಸು ತರಿಸಿ ಮಾರಬೇಕಾಯಿತು.

ಆ ಕಾಲ ಸಾಮಾನ್ಯವಾದುದಲ್ಲ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ ತಳ ಮುಟ್ಟಿತ್ತು. ಲಕ್ಷಾಂತರ ಗಂಡಸರು ಕೆಲಸ ಕಳೆದುಕೊಂಡಿದ್ದರು. 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ' ಎಂದು ನಮ್ಮವರು ನಗುತ್ತಿದ್ದರೇನೋ. ಆದರೆ ಅದರ ಹಿಂದೆ ಒಂದು ತರ್ಕವಿತ್ತು. ದುಡಿಮೆಯಿಂದಲೇ ತಾನು ಗಂಡಸು ಎಂದುಕೊಂಡಿದ್ದವನಿಗೆ ದುಡಿಮೆಯೇ ಕೈಕೊಟ್ಟಾಗ, ಆರಿಸಿ ಕೊಳ್ಳುವ ಅಭಿರುಚಿಯಲ್ಲೂ ಗಂಡಸುತನವಿದೆ ಎಂದು ಆ ಪತ್ರಿಕೆ ಹೇಳಿತು. ಅಲ್ಲಿಯವರೆಗೆ ಅಂಗಡಿ ಸುತ್ತುವುದು ಹೆಂಗಸರ ಕೆಲಸ ಎಂಬ ಭಾವನೆಯಿತ್ತು. ಅದನ್ನು ಅಳಿಸಲು ಹೆಮಿಂಗ್ವೆಯಂಥ ಗಂಡುದನಿಯ ಲೇಖಕನನ್ನು ಮೊದಲ ಸಂಚಿಕೆಯಿಂದಲೇ ಕರೆಸಲಾಯಿತು. ಬೇಟೆ, ಮೀನುಗಾರಿಕೆ, ಯುದ್ಧದ ಬರಹಗಳ ನಡುವೆ ಕೋಟು, ಷೂಗಳ ಪುಟಗಳು ಸಂಕೋಚವಿಲ್ಲದೆ ಕುಳಿತವು. ಒಳ್ಳೆಯ ಸಾಹಿತ್ಯವೂ ಮಾರಾಟವೂ ಹರಿಹರೇಶ್ವರನ ವಿಗ್ರಹದಂತೆ ಒಂದೇ ಮೈಯಲ್ಲಿ ಸೇರಿಕೊಂಡವು.

ಮುಂದಿನ ಕಥೆ ಇದರ ಕವಲುಗಳದು. 'ಅಪಾರೆಲ್ ಆರ್ಟ್ಸ್' 1957ರಲ್ಲಿ 'ಜಂಟಲ್‌ಮೆನ್ಸ್ ಕ್ವಾರ್ಟರ್ಲಿ'ಯಾಯಿತು. ಅದೇ ಇಂದಿನ 'ಜಿಕ್ಯೂ'. 'ಎಸ್ಕ್ವೈರ್'ನಲ್ಲಿ ಜಾಹೀರಾತಿನ ಒಕ್ಕಣೆ ಬರೆಯುತ್ತಿದ್ದ ಹ್ಯೂ ಹೆಫ್ನರ್ ಕೆಲಸ ಬಿಟ್ಟು 1953ರ ಡಿಸೆಂಬರಿನಲ್ಲಿ ಶಿಕಾಗೊದಿಂದ 'ಪ್ಲೇಬಾಯ್' ಹೊರತಂದ. ಎರಡನೆಯ ಸಂಚಿಕೆ ಬರುತ್ತದೋ ಇಲ್ಲವೋ ಎಂಬ ಅನುಮಾನದಿಂದ ಮೊದಲ ಸಂಚಿಕೆಗೆ ತಾರೀಕನ್ನೇ ಹಾಕಿರಲಿಲ್ಲ. ಅದರ 50,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ನಗ್ನಚಿತ್ರದಿಂದ ಅದು ಹೆಸರೂ ಕೆಟ್ಟ ಹೆಸರೂ ಪಡೆಯಿತು. ಹೆಂಗಸನ್ನೂ ಕೊಳ್ಳುವ ಸರಕುಗಳ ಸಾಲಿನಲ್ಲಿ ನಿಲ್ಲಿಸಿದೆ ಎಂಬ ಸ್ತ್ರೀವಾದಿಗಳ ಟೀಕೆ ಈ ಪರಂಪರೆಯನ್ನು ಬಿಡದೆ ಹಿಂಬಾಲಿಸಿದೆ.

ಹರಿಹರದ ನಂಟು

ಅಂಗಡಿಯ ಅಥವಾ ಕಾರ್ಖಾನೆಯ ಮಡಿಲಲ್ಲಿ ಪತ್ರಿಕೆ ಹುಟ್ಟುವುದು ಅಮೆರಿಕದ್ದೇ ವಿಶೇಷವಲ್ಲ. ಹರಿಹರದವರಿಗೆ ಚಿರಪರಿಚಿತವಾದ ಹೆಸರೊಂದು ಇದಕ್ಕೆ ನಿದರ್ಶನ. ತುಂಗಭದ್ರೆಯ ದಡದ ಈ ಊರಿನಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಇಂದಿನ ಮಹಾರಾಷ್ಟ್ರದಲ್ಲಿರುವ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು.

ಆ ಕಾರ್ಖಾನೆಯೂರಿನಿಂದ 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆ ಹೊರಟಿತು. ಸಂಪಾದಕರು ಲಕ್ಷ್ಮಣರಾಯರ ಸಹೋದರನ ಮಗ, ಚಿತ್ರಕಲೆ ಕಲಿತಿದ್ದ ಶಂಕರರಾವ್ ಕಿರ್ಲೋಸ್ಕರ್. ಸಂಸ್ಥೆಯ ಸರಕಿನ ಪ್ರಚಾರಕ್ಕೆಂದು ಬಂದ ಈ ಪತ್ರಿಕೆ ಕೆಲವೇ ವರ್ಷಗಳಲ್ಲಿ ಉದ್ಯಮಶೀಲತೆ, ವಿಜ್ಞಾನ, ಸಮಾಜ ಸುಧಾರಣೆಗಳ ಮಾಸಿಕವಾಗಿ ಬೆಳೆದು, ಹೆಸರಿನಿಂದ 'ಖಬರ್' ಎಂಬುದನ್ನು ಕಳಚಿಕೊಂಡು 'ಕಿರ್ಲೋಸ್ಕರ್' ಆಯಿತು. 1930ರಲ್ಲಿ ಅದರ ತಂಗಿಯಾಗಿ 'ಸ್ತ್ರೀ' ಬಂತು, 1934ರಲ್ಲಿ ಎಳೆಯ ಓದುಗರನ್ನು ಮೆಚ್ಚಿಸಲು 'ಮನೋಹರ್' ಬಂತು. 'ಎಸ್ಕ್ವೈರ್' ಬಂದ ಆಸುಪಾಸಿನ ವರ್ಷಗಳಿವು.

ಈ ಪತ್ರಿಕೆಗಳು ಹರಿಹರದಲ್ಲಿ ಅಚ್ಚಾದವಲ್ಲ, ಕನ್ನಡದವೂ ಅಲ್ಲ. ಆದರೂ ಇಲ್ಲಿ ಕಾಣುವ ಒಂದು ವಿನ್ಯಾಸ ಗಮನಾರ್ಹ. ನೇಗಿಲು, ಯಂತ್ರ, ಸ್ವಂತ ಉದ್ಯೋಗದ ಮಾತಾಡುವ ಪತ್ರಿಕೆಗೆ 'ಪುರುಷ' ಎಂದು ಹೆಸರಿಡುವ ಯೋಚನೆ ಯಾರಿಗೂ ಬರಲಿಲ್ಲ. ತಂಗಿಗೆ ಮಾತ್ರ 'ಸ್ತ್ರೀ' ಎಂಬ ಹೆಸರು ಬೇಕಾಯಿತು. ಮತ್ತು ಆ ಹೆಸರೇ ಅವಳ ಬಲವಾಯಿತು. 'ಸ್ತ್ರೀ' ಮಾಸಿಕದ ಸಂಪಾದಕಿಯಾಗಿದ್ದ ವಿದ್ಯಾ ಬಾಳ್ ಮುಂದೆ 1989ರಲ್ಲಿ ಸ್ತ್ರೀವಾದಿ ವಿಚಾರಗಳಿಗೇ ಮೀಸಲಾದ ಮಾಸಿಕವೊಂದನ್ನು ಆರಂಭಿಸಿದರು. ಹೆಸರಿಟ್ಟ ಪುಟ ಪ್ರಶ್ನೆ ಕೇಳುವ ಪುಟವಾಗಿ ಬೆಳೆಯಿತು. ಹೆಸರಿಲ್ಲದ ಪುಟಕ್ಕೆ ತನ್ನನ್ನೇ ಕೇಳಿಕೊಳ್ಳುವ ಪ್ರಮೇಯ ಬರಲಿಲ್ಲ.

ಪರವಾನಗಿಯ ಮೇಲೆ ಪಯಣ

ಪುರುಷ ಪತ್ರಿಕೆಗಳು ದೇಶಾಂತರ ಹೋದದ್ದು ಅನುವಾದದ ಮೂಲಕವಲ್ಲ, ಪರವಾನಗಿಯ ಮೂಲಕ. ಮೂಲ ಸಂಸ್ಥೆ ಹೆಸರು, ವಿನ್ಯಾಸ, ಫೋಟೊಗಳನ್ನು ಶುಲ್ಕಕ್ಕೆ ಕೊಡುತ್ತದೆ. ಸ್ಥಳೀಯ ಪ್ರಕಾಶಕ ತನ್ನ ಭಾಷೆಯ ಬರಹಗಳನ್ನೂ ತನ್ನ ಊರಿನ ಜಾಹೀರಾತುಗಳನ್ನೂ ಸೇರಿಸುತ್ತಾನೆ. ಗಡಿಯಾರ, ಸುಗಂಧ, ಕಾರಿನ ಕಂಪನಿಗಳಿಗೆ ಎಲ್ಲ ದೇಶಗಳಲ್ಲೂ ಒಂದೇ ಬಗೆಯ ಪುಟ ಸಿಕ್ಕುತ್ತದೆ. 'ಪ್ಲೇಬಾಯ್'ನ ಜರ್ಮನ್ ಮತ್ತು ಇಟಾಲಿಯನ್ ಆವೃತ್ತಿಗಳು 1972ರಲ್ಲಿ, ಜಪಾನ್ ಮತ್ತು ಬ್ರೆಜಿಲ್ ಆವೃತ್ತಿಗಳು 1975ರಲ್ಲಿ ಬಂದವು. 1994ರಲ್ಲಿ ಬ್ರಿಟನ್ನಿನ 'ಲೋಡೆಡ್', ಮರುವರ್ಷ 'ಮ್ಯಾಕ್ಸಿಮ್' ಬಂದು ಪುಂಡ ಹುಡುಗರ ಹರಟೆಯ ಧಾಟಿಯನ್ನು ತಂದವು. ಅದೇ 1994ರಲ್ಲಿ ಬ್ರಿಟಿಷ್ ಲೇಖಕ ಮಾರ್ಕ್ ಸಿಂಪ್ಸನ್, ಕನ್ನಡಿಯ ಮುಂದೆ ಹೊತ್ತು ಕಳೆಯುವ ನಗರದ ಹೊಸ ಗಂಡಸಿಗೆ 'ಮೆಟ್ರೊಸೆಕ್ಷುಯಲ್' ಎಂದು ಹೆಸರಿಟ್ಟ.

ಭಾರತದ ಬಾಗಿಲು ಮಾತ್ರ ಬಹುಕಾಲ ಮುಚ್ಚಿತ್ತು. ವಿದೇಶಿ ಪತ್ರಿಕೆಗಳು ಇಲ್ಲಿಂದ ಪ್ರಕಟವಾಗಕೂಡದು ಎಂದು ಕೇಂದ್ರ ಸಂಪುಟ 1955ರಲ್ಲಿ ತೀರ್ಮಾನಿಸಿತ್ತು. ಆ ಖಾಲಿ ಜಾಗದಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ಮುಂಬಯಿಯ 'ಡೆಬೊನೇರ್' ಹುಟ್ಟಿತು. 1974ರಲ್ಲಿ ವಿನೋದ್ ಮೆಹ್ತಾ ಅದರ ಸಂಪಾದಕರಾದರು. ನಡುಪುಟದ ಚಿತ್ರಕ್ಕಾಗಿ ಕೊಳ್ಳುವವರು ಹಲವರು. ಆದರೆ ಗಂಭೀರ ಸಂದರ್ಶನಗಳೂ ಭಾರತೀಯ ಇಂಗ್ಲಿಷ್ ಕವಿಗಳ ಕವಿತೆಗಳೂ ಅದರಲ್ಲೇ ಅಚ್ಚಾಗುತ್ತಿದ್ದವು. 2002ರಲ್ಲಿ ಸರ್ಕಾರ ಮುದ್ರಣ ಮಾಧ್ಯಮಕ್ಕೆ ವಿದೇಶಿ ಬಂಡವಾಳದ ಬಾಗಿಲು ತೆರೆಯಿತು. ಸುದ್ದಿ ಪತ್ರಿಕೆಗಳಲ್ಲಿ ಶೇ 26ರವರೆಗೆ, ಸುದ್ದಿಯೇತರ ವಿಶೇಷ ಪತ್ರಿಕೆಗಳಲ್ಲಿ ಶೇ 74ರವರೆಗೆ. ಅದರ ಬೆನ್ನಲ್ಲೇ ಕೆಲವೇ ವರ್ಷಗಳಲ್ಲಿ 'ಮ್ಯಾಕ್ಸಿಮ್', 'ಮೆನ್ಸ್ ಹೆಲ್ತ್', 'ಎಫ್‌ಎಚ್‌ಎಂ'ಗಳ ಭಾರತೀಯ ಆವೃತ್ತಿಗಳು ಬಂದವು. 2008ರಲ್ಲಿ 'ಜಿಕ್ಯೂ' ಬಂತು. ಎಲ್ಲವೂ ಇಂಗ್ಲಿಷಿನಲ್ಲಿ. ಅವುಗಳ ಜಾಹೀರಾತುದಾರನಿಗೆ ಬೇಕಾದ ಗಿರಾಕಿ ಇಂಗ್ಲಿಷಿನಲ್ಲೇ ಸಿಕ್ಕುತ್ತಿದ್ದ. ಕನ್ನಡದ ಓದುಗ ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ಸೂಟಿನ ಹಿಂದಿನ ಊರುಗಳು

ಆ ಪತ್ರಿಕೆಗಳು ಬರುವ ಮೊದಲೇ ಕನ್ನಡದ ಗಂಡಸಿಗೆ ಶೈಲಿ ಕಲಿಸಿದ್ದು ಸಿನಿಮಾ ಪೋಸ್ಟರು, ದರ್ಜಿಯ ಅಂಗಡಿಯ ಗೋಡೆಗೆ ಹಚ್ಚಿದ ಚಿತ್ರಗಳು, ವಾರಪತ್ರಿಕೆಗಳ ಹಿಂಬದಿಯ ಸೂಟಿಂಗ್ ಜಾಹೀರಾತುಗಳು. ಮದುವೆಗೆಂದು ಪ್ಯಾಂಟ್ ಪೀಸ್ ಕೊಳ್ಳಲು ಸುತ್ತಲಿನ ಹಳ್ಳಿಗಳ ಜನ ದಾವಣಗೆರೆಗೆ ಬರುತ್ತಿದ್ದರು. ಹತ್ತಿ ಗಿರಣಿಗಳಿಂದಾಗಿ ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರೇ ಇತ್ತು.

ಆ ಹೊಳಪಿನ ಸೂಟಿಂಗಿನ ಒಂದು ಎಳೆ ಹರಿಹರದ ಎದುರು ದಡದಲ್ಲೇ ಹುಟ್ಟುತ್ತಿತ್ತು. ಕುಮಾರಪಟ್ಟಣದಲ್ಲಿ 1972ರಲ್ಲಿ ಉತ್ಪಾದನೆ ಆರಂಭಿಸಿದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿ ಮರದಿಂದ ತಿರುಳು ತೆಗೆಯುತ್ತದೆ. ಆ ತಿರುಳಿನಿಂದ ವಿಸ್ಕೋಸ್ ನೂಲೆಳೆ ತಯಾರಾಗುತ್ತದೆ. ವಿಸ್ಕೋಸನ್ನು ಪಾಲಿಯೆಸ್ಟರ್ ಜತೆ ಬೆರೆಸಿ ನೇಯ್ದರೆ ಅದೇ ಪ್ಯಾಂಟು, ಕೋಟಿನ ಬಟ್ಟೆ. ಕಾರ್ಖಾನೆಯ ತ್ಯಾಜ್ಯದಿಂದ ನದಿಯ ಮೀನು ಸಾಯುತ್ತಿವೆ ಎಂದು ಎಂಬತ್ತರ ದಶಕದಲ್ಲಿ ತೀರದ ಹಳ್ಳಿಗರು ದನಿಯೆತ್ತಿದರು. ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸುವುದರ ವಿರುದ್ಧ 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಸಮಾಜ ಪರಿವರ್ತನ ಸಮುದಾಯ ಅದರ ಮುಂಚೂಣಿಯಲ್ಲಿತ್ತು. ನೀಲಗಿರಿ ಸಸಿ ಕಿತ್ತು, ಜನಕ್ಕೆ ಬೇಕಾದ ಗಿಡ ನೆಡುವುದು ಅದರ ರೀತಿ. ಸೂಟು ತೊಟ್ಟು ನಗುವ ಜಾಹೀರಾತಿನ ಗಂಡಸಿನ ಹಿಂದೆ ಈ ಊರುಗಳ ಕಾಡು, ನೀರು, ಕೂಲಿ ಎಲ್ಲವೂ ಇದ್ದವು. ಪುಟದಲ್ಲಿ ಕಾಣುತ್ತಿರಲಿಲ್ಲ, ಅಷ್ಟೆ.

ಕಾಣದೇ ಹೋದ ಇನ್ನೊಬ್ಬ ಗಂಡಸೂ ಇದ್ದಾನೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾಟನ್ ಮಿಲ್ಲಿನ ನೆನಪು ಇಂದು 'ಡಿಸಿಎಂ' ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದಿದೆ. ಹೊಸ ಶತಮಾನದ ಹೊಸ್ತಿಲಲ್ಲಿ ಮೈಸೂರು ಕಿರ್ಲೋಸ್ಕರ್ ಕೂಡ ನಿಂತುಹೋಯಿತು. ಬೆಳಗಿನ ಸೈರನ್ನಿಗೆ ಸೈಕಲ್ ಏರಿ ಹೊರಡುವುದೇ ಗಂಡಸುತನ ಎಂದು ತಿಳಿದಿದ್ದವರು ನಡುವಯಸ್ಸಿನಲ್ಲಿ ಮನೆಯ ಜಗಲಿಯ ಮೇಲೆ ಕುಳಿತರು. ಉದ್ಯೋಗವೇ ಪುರುಷಲಕ್ಷಣವಾದರೆ, ಉದ್ಯೋಗ ಹೋದ ಮೇಲೆ ಉಳಿಯುವುದೇನು? ಅವರ ಅವಮಾನ, ಕುಡಿತ, ಹೆಂಡತಿಯ ದುಡಿಮೆಯಲ್ಲಿ ಬದುಕಬೇಕಾಗಿ ಬಂದ ಸಂಕೋಚ, ಯಾರಿಗೂ ಹೇಳದ ಭಯ ಇವನ್ನು ಯಾವ ಪುರುಷ ಪುಟವೂ ಮಾತಾಡಿಸಲಿಲ್ಲ. ಅದೇ ದಶಕದಲ್ಲಿ ದೇಶಕ್ಕೆ ಬಂದ ಹೊಳಪು ಕಾಗದದ ಪತ್ರಿಕೆಗಳು ಗಡಿಯಾರ ಮತ್ತು ಗಡ್ಡದ ಎಣ್ಣೆಯ ಮಾತಿನಲ್ಲಿದ್ದವು.

ಈಗ ಆ ಹೊಳಪು ಪತ್ರಿಕೆಗಳ ಕಾಲವೂ ಇಳಿಮುಖವಾಗಿದೆ. ಬ್ರಿಟನ್ನಿನಲ್ಲಿ 'ಲೋಡೆಡ್', 'ಎಫ್‌ಎಚ್‌ಎಂ'ಗಳ ಮುದ್ರಣ 2015-16ರಲ್ಲಿ ನಿಂತಿತು. ಅಮೆರಿಕದ 'ಪ್ಲೇಬಾಯ್' 2020ರಲ್ಲಿ ನಿಯಮಿತ ಮುದ್ರಣ ಕೈಬಿಟ್ಟಿತು. ಗಂಡಸಿಗೆ ಪಾಠ ಹೇಳುವ ಕೆಲಸ ಮೊಬೈಲಿನ ಪರದೆಗೆ ಸಾಗಿದೆ. ದಾವಣಗೆರೆಯ ಹುಡುಗನೂ ಡಂಬೆಲ್ ಎತ್ತುವ ಬಗೆ, ಪ್ರೋಟೀನ್ ಪುಡಿಯ ಅಳತೆ, ಕೂದಲಿನ ಕಟಿಂಗು ಎಲ್ಲವನ್ನೂ ಅಲ್ಲೇ ಕನ್ನಡದಲ್ಲೇ ಕಲಿಯುತ್ತಾನೆ. ಮಾಧ್ಯಮ ಬದಲಾಗಿದೆ, ಮಾತು ಬದಲಾಗಿಲ್ಲ. 1933ರ ಬಟ್ಟೆ ಅಂಗಡಿಯ ಮೇಜಿನ ಮೇಲಿದ್ದಂತೆ ಇಂದಿಗೂ ಪಾಠದ ಕೊನೆಗೆ ಒಂದು ಬೆಲೆಚೀಟಿ ಇರುತ್ತದೆ.

ಕನ್ನಡಕ್ಕೆ 'ಎಸ್ಕ್ವೈರ್' ಒಂದು ಬರಲಿಲ್ಲ ಎಂದು ಕೊರಗಬೇಕಾಗಿಲ್ಲ. ಕೊರತೆ ಇರುವುದು ಬೇರೆ ಕಡೆ. ತಿರುಮಲಾಂಬ, ಕಲ್ಯಾಣಮ್ಮನವರು ನೂರು ವರ್ಷಗಳ ಹಿಂದೆ ಹೆಣ್ಣಿನ ಬದುಕನ್ನು ಹೆಸರಿಟ್ಟು ಚರ್ಚೆಗೆ ತಂದರು. ಗಂಡಿನ ಬದುಕಿಗೆ ಹೆಸರು ಸಿಕ್ಕಿದ್ದು ಅವನು ಗಿರಾಕಿಯಾದಾಗ ಮಾತ್ರ. ಕೊಳ್ಳುವ ಗಂಡಸಿಗೆ ಪತ್ರಿಕೆಗಳು ಸಾಲುಸಾಲಾಗಿ ಬಂದವು. ಮುಚ್ಚಿದ ಗಿರಣಿಯ ಗೇಟಿನ ಮುಂದೆ ನಿಂತ ಗಂಡಸಿಗೆ ಒಂದು ಪುಟವೂ ಬರಲಿಲ್ಲ. ಆ ಪುಟವನ್ನು ಯಾವ ಜಾಹೀರಾತುದಾರನೂ ಕೊಡಿಸಲಾರ.